ಆಷಾಢದಲ್ಲಿ ಮೋಡ ನಮ್ಮ ತಲೆ ಮೇಲೇ ಓಡುತ್ತದೆ, ಮಳೆ ಮಾತ್ರ ಬೀಳಲ್ಲ. ಯಾಕೆ?

ಶೇಂಗಾ ಹೊಲ – ಜುಲೈ 11

ಎಲ್ಲರಿಗೂ ನಮಸ್ಕಾರ. ನಾನು ಚಳ್ಳಕೆರೆ ತಾಲ್ಲೂಕಿನವನು. ನಾಲ್ಕು ಎಕರೆ ಶೇಂಗಾ, ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ. ಹೋದ ವಾರ ಬಿತ್ತನೆ ಮುಗಿಸಿದೆ. ಅವತ್ತಿನಿಂದ ದಿನಾ ಮೋಡ. ಬೆಳಿಗ್ಗೆ ಎದ್ದರೂ ಮೋಡ, ರಾತ್ರಿ ಊಟ ಮಾಡಿ ಹೊರಗೆ ಬಂದರೂ ಮೋಡ. ಗಾಳಿ ಹೇಗಿದೆ ಅಂದರೆ ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆಯನ್ನು ಪಕ್ಕದ ಹೊಲದಿಂದ ತರಬೇಕು. ಆಗೊಮ್ಮೆ ಈಗೊಮ್ಮೆ ನಾಲ್ಕು ಹನಿ ಉದುರುತ್ತವೆ. ಅಷ್ಟಕ್ಕೆ ಧೂಳು ಕೂಡ ಅಡಗುವುದಿಲ್ಲ.

ಇದು ಈ ವರ್ಷದ್ದು ಮಾತ್ರ ಅಲ್ಲ. ನಮ್ಮಪ್ಪನ ಕಾಲದಿಂದಲೂ ನಮ್ಮ ಕಡೆ ಆಷಾಢ ಅಂದರೆ ಗಾಳಿ. ಆದರೆ ಅದೇ ಹೊತ್ತಿಗೆ ಟಿವಿಯಲ್ಲಿ ಆಗುಂಬೆ, ಶೃಂಗೇರಿ ಕಡೆ ರಸ್ತೆ ಮೇಲೆ ನೀರು ಹರಿಯುವುದನ್ನು ತೋರಿಸುತ್ತಾರೆ. ಮಗಳು ಏಳನೇ ಕ್ಲಾಸು. ನಿನ್ನೆ ಕೇಳಿದಳು: "ಅಪ್ಪಾ, ಆಗುಂಬೆ ಮೇಲಿನ ಮೋಡವೇ ಅಲ್ವಾ ಇಲ್ಲಿಗೆ ಬರೋದು? ನೀರೆಲ್ಲ ಅಲ್ಲೇ ಖಾಲಿ ಮಾಡಿ ಬರುತ್ತಾ?"

ನಾನು ಹೌದು ಅಂದುಬಿಟ್ಟೆ. ಆಮೇಲೆ ತಲೆಗೆ ಹುಳ ಬಿಟ್ಟಂಗಾಯ್ತು. ನೀರು ಖಾಲಿಯಾಗಿದ್ದರೆ ಮೋಡವೇ ಕಾಣಬಾರದಲ್ಲ? ಮೋಡ ಕಾಣುತ್ತಿದೆ ಅಂದರೆ ಅದರಲ್ಲಿ ನೀರಿದೆ ಅಂತ ತಾನೆ? ಇದ್ದ ನೀರು ಯಾಕೆ ಬೀಳುವುದಿಲ್ಲ? ತಿಳಿದವರು ಬಿಡಿಸಿ ಹೇಳಿ. ಮಗಳಿಗೆ ತಪ್ಪು ಹೇಳಿಕೊಟ್ಟಿದ್ದರೆ ಸರಿ ಮಾಡಬೇಕು.

ಘಟ್ಟದ ಬುಡ – ಜುಲೈ 11

ಅಣ್ಣ, ನಮ್ಮ ಮನೆ ಹೆಬ್ರಿ ಹತ್ತಿರ. ಆಗುಂಬೆ ಘಾಟಿಯ ಕೆಳಗೆ. ಇಲ್ಲಿ ಹತ್ತು ದಿನದಿಂದ ಬಿಸಿಲು ಕಂಡಿಲ್ಲ. ಉಪ್ಪಿನ ಡಬ್ಬಿಯಲ್ಲಿ ನೀರು ಒಸರುತ್ತಿದೆ.

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಸೋಮೇಶ್ವರದಿಂದ ಮೇಲೆ ಹದಿನಾಲ್ಕು ತಿರುವು. ಬಸ್ಸಿನಲ್ಲಿ ಕೂತರೆ ಕೆಳಗೆ ಬರೀ ಮಳೆ, ಏಳೆಂಟು ತಿರುವು ದಾಟಿದ ಮೇಲೆ ಮೋಡದ ಒಳಗೇ ಹೋಗುತ್ತೇವೆ. ಗಾಜಿನ ಹೊರಗೆ ಬೆಳ್ಳಗೆ, ಏನೂ ಕಾಣಲ್ಲ. ಗಾಳಿ ಕಣಿವೆಯಿಂದ ಮೇಲಕ್ಕೆ ಬರುತ್ತಿರುತ್ತದೆ, ಮೋಡ ಗುಡ್ಡ ಹತ್ತುವುದು ಕಣ್ಣಿಗೇ ಕಾಣುತ್ತದೆ. ಆದರೆ ಅಲ್ಲಿಂದ ತೀರ್ಥಹಳ್ಳಿ ದಾಟಿ ಶಿವಮೊಗ್ಗಕ್ಕೆ ಬಂದರೆ ಕೊಡೆ ಮಡಚಿ ಚೀಲದಲ್ಲಿ ಇಡಬಹುದು. ಎರಡು ಮೂರು ಗಂಟೆ ದಾರಿ ಅಷ್ಟೇ.

ಭೂಗೋಳ ಮೇಷ್ಟ್ರು – ಜುಲೈ 12

ಪುಟ್ಟಿ ಕೇಳಿದ ಪ್ರಶ್ನೆ ತುಂಬಾ ಒಳ್ಳೆಯದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದೆ. ಪುಸ್ತಕದಲ್ಲಿ "ಮಳೆ ನೆರಳಿನ ಪ್ರದೇಶ", ಅಂದರೆ ಬೆಟ್ಟದ ಮರೆಗೆ ಬಿದ್ದು ಮಳೆ ಕಡಿಮೆಯಾದ ಜಾಗ, ಅಂತ ಒಂದೇ ಸಾಲು ಇರುತ್ತದೆ. ಮಕ್ಕಳು ಬಾಯಿಪಾಠ ಮಾಡಿ ಎರಡು ಅಂಕ ತೆಗೆದುಕೊಳ್ಳುತ್ತಾರೆ. ಹೀಗೆ ತಿರುಗಿಸಿ ಕೇಳುವವರು ಕಡಿಮೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಒಂದು ವಿಷಯ. ಮೋಡ ನೀರು ತುಂಬಿದ ಚೀಲ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಘಟ್ಟಕ್ಕೆ ತಾಗಿ ಚೀಲ ಹರಿಯಿತು, ನೀರು ಸುರಿಯಿತು, ಖಾಲಿ ಚೀಲ ಚಳ್ಳಕೆರೆಗೆ ಬಂತು ಅಂತ. ಹಾಗಿಲ್ಲ. ಆಗುಂಬೆಯ ಮೋಡ ಚಳ್ಳಕೆರೆಗೆ ಬರುವುದೇ ಇಲ್ಲ. ಗಾಳಿ ಬರುತ್ತದೆ. ಮೋಡ ಆಯಾ ಜಾಗದಲ್ಲೇ ಹುಟ್ಟುತ್ತದೆ, ಅಲ್ಲೇ ಕರಗುತ್ತದೆ. ನೀವು ನೋಡುವುದು ನಿಮ್ಮ ಊರಿನ ಆಸುಪಾಸಲ್ಲೇ ಹುಟ್ಟಿದ ಬೇರೆ ಮೋಡ.

ಹುಟ್ಟುವುದು ಹೇಗೆ? ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಾವಿ ಇರುತ್ತದೆ. ಬೆಚ್ಚಗಿನ ಗಾಳಿ ಜಾಸ್ತಿ ಆವಿ ಹಿಡಿಯುತ್ತದೆ, ತಣ್ಣಗಿನದು ಕಡಿಮೆ. ಲೆಕ್ಕ ಬೇಕಿದ್ದರೆ: ಒಂದು ಘನ ಮೀಟರ್ ಗಾಳಿ 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ಆವಿ ಹಿಡಿಯಬಲ್ಲದು. 20 ಡಿಗ್ರಿಗೆ ಇಳಿದರೆ 17 ಗ್ರಾಂ. 10 ಡಿಗ್ರಿಗೆ ಬಂದರೆ 9 ಗ್ರಾಂ. ಹಿಡಿಯಲಾಗದ್ದು ಹನಿಯಾಗಬೇಕು. ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ಹನಿ ಕಟ್ಟುವುದೂ ಇದಕ್ಕೇ.

ಗಾಳಿ ತಣ್ಣಗಾಗಲು ಸುಲಭದ ದಾರಿ ಮೇಲೇರುವುದು. ಮೇಲೆ ಹೋದಂತೆ ಒತ್ತಡ ಕಡಿಮೆ, ಗಾಳಿ ಹಿಗ್ಗುತ್ತದೆ. ಹಿಗ್ಗಿದರೆ ತಣ್ಣಗಾಗುತ್ತದೆ. ಸೈಕಲ್ ಟ್ಯೂಬಿನ ಗಾಳಿ ಬಿಡುವಾಗ ಬೆರಳು ಅಡ್ಡ ಹಿಡಿದು ನೋಡಲು ಪುಟ್ಟಿಗೆ ಹೇಳಿ. ತಣ್ಣಗೆ ಅನಿಸುತ್ತದೆ. ಒಂದು ಕಿಲೋಮೀಟರ್ ಏರಿದರೆ ಗಾಳಿ ಹತ್ತಿರ ಹತ್ತಿರ 10 ಡಿಗ್ರಿ ತಣ್ಣಗಾಗುತ್ತದೆ. ಒಮ್ಮೆ ಮೋಡ ಕಟ್ಟಿದ ಮೇಲೆ ಸ್ವಲ್ಪ ನಿಧಾನ, 5-6 ಡಿಗ್ರಿ. ಯಾಕೆಂದರೆ ಆವಿ ಹನಿಯಾಗುವಾಗ ಶಾಖ ಹೊರಗೆ ಬಿಡುತ್ತದೆ.

ಅರಬ್ಬಿ ಸಮುದ್ರದಿಂದ ಬರುವ ಗಾಳಿ ಆವಿಯಿಂದ ತುಂಬಿ ತುಳುಕುತ್ತಿರುತ್ತದೆ. ಎದುರಿಗೆ ಗೋಡೆಯಂತೆ ಘಟ್ಟ. ಬೇರೆ ದಾರಿಯಿಲ್ಲದೆ ಏರುತ್ತದೆ. ಹಗಲು ರಾತ್ರಿ ಏರುತ್ತಲೇ ಇರುತ್ತದೆ. ಘಟ್ಟದ ಬುಡದ ತಂಗಿ ಕಂಡದ್ದು ಅದನ್ನೇ. ಅದಕ್ಕೇ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ. ತೀರ್ಥಹಳ್ಳಿಗೆ ಬಂದರೆ ಅದರ ಅರ್ಧಕ್ಕಿಂತ ಕಡಿಮೆ. ಶಿವಮೊಗ್ಗಕ್ಕೆ 900ರ ಆಸುಪಾಸು. ಚಳ್ಳಕೆರೆಗೆ 500ರ ಆಸುಪಾಸು. ಆಗುಂಬೆಯಿಂದ ಚಳ್ಳಕೆರೆಗೆ ನೇರ ಗೆರೆ ಎಳೆದರೆ 190 ಕಿಲೋಮೀಟರ್ ಇದ್ದೀತು. ಅಷ್ಟರಲ್ಲಿ ಹದಿನಾಲ್ಕು ಪಟ್ಟು ವ್ಯತ್ಯಾಸ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮೋಡದಲ್ಲಿ ನೀರಿದೆ, ನಿಜ. ಆದರೆ ಮೋಡದ ಹನಿಯ ಅಗಲ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ. ತಲೆಕೂದಲಿಗಿಂತ ಸಣ್ಣದು. ಮಳೆಹನಿ 2 ಮಿಲಿಮೀಟರ್. ಹತ್ತು ಲಕ್ಷ ಮೋಡದ ಹನಿ ಸೇರಿದರೆ ಒಂದು ಮಳೆಹನಿ! ಸಣ್ಣ ಹನಿ ಬೀಳುತ್ತದೆ, ಆದರೆ ಸೆಕೆಂಡಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ. ಒಂದು ಕಿಲೋಮೀಟರ್ ಕೆಳಗೆ ಬರಲು ಒಂದು ದಿನಕ್ಕೂ ಜಾಸ್ತಿ ಬೇಕು. ಅಷ್ಟರಲ್ಲಿ ಕೆಳಗಿನ ಒಣಗಾಳಿ ಅದನ್ನು ಕುಡಿದುಬಿಡುತ್ತದೆ. ಹನಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಸೇರಿ ದೊಡ್ಡದಾಗಬೇಕಾದರೆ ಮೋಡ ದಪ್ಪ ಇರಬೇಕು, ಗಾಳಿ ಏರುತ್ತಲೇ ಇರಬೇಕು. ಆಷಾಢದಲ್ಲಿ ನಿಮ್ಮ ಮೇಲಿರುವುದು ತೆಳು ಮೋಡ. ಕೆಳಗಿಂದ ನೋಡಿದರೆ ಆಕಾಶವೇ ಮುಚ್ಚಿದಂತೆ ಕಾಣುತ್ತದೆ. ಎಷ್ಟು ದಪ್ಪ ಅನ್ನುವುದು ಕೆಳಗಿನಿಂದ ಗೊತ್ತಾಗುವುದಿಲ್ಲ.

ಅಳತೆ ಟೇಪು – ಜುಲೈ 12

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ಆದರೆ ಒಂದು ಕಡೆ ಸಿಕ್ಕು ಇದೆ. ನಾನು ಸರ್ವೆ ಕೆಲಸದವನು, ಎತ್ತರದ ಲೆಕ್ಕ ನನ್ನ ದಿನದ ಊಟ. ಆಗುಂಬೆ ಸಮುದ್ರ ಮಟ್ಟದಿಂದ 650 ಮೀಟರ್ ಹತ್ತಿರ. ಚಳ್ಳಕೆರೆ 580ರ ಮೇಲೆ. ಹೆಚ್ಚು ಕಡಿಮೆ ಒಂದೇ ಮಟ್ಟ. "ಘಟ್ಟ ದಾಟಿದ ಗಾಳಿ ಕೆಳಗಿಳಿದು ಬಿಸಿಯಾಗುತ್ತದೆ" ಅಂತ ಎಲ್ಲರೂ ಬರೆಯುತ್ತಾರೆ. ಇಲ್ಲಿ ಇಳಿಯಲು ಇಳಿಜಾರೇ ಇಲ್ಲವಲ್ಲ?

ಭೂಗೋಳ ಮೇಷ್ಟ್ರು – ಜುಲೈ 13

ಇದನ್ನು ಯಾರಾದರೂ ಕೇಳಲಿ ಅಂತಲೇ ಕಾಯುತ್ತಿದ್ದೆ. ನಿಮ್ಮ ಮಾತು ಸರಿ. ಶಾಲೆಯ ಚಿತ್ರದಲ್ಲಿ ಬೆಟ್ಟದ ಎರಡೂ ಕಡೆ ಒಂದೇ ಇಳಿಜಾರು ಬರೆಯುತ್ತಾರೆ. ನಮ್ಮ ಘಟ್ಟ ಹಾಗಿಲ್ಲ. ಪಶ್ಚಿಮಕ್ಕೆ ಗೋಡೆ, ಪೂರ್ವಕ್ಕೆ ಜಗಲಿ.

ಆದರೆ ಗಾಳಿ ನೆಲವನ್ನು ಸವರಿಕೊಂಡು ಮಾತ್ರ ಹೋಗುವುದಿಲ್ಲ. ಗೋಡೆಗೆ ಬಡಿದ ಗಾಳಿ ಘಟ್ಟದ ತಲೆಗಿಂತ ಎಷ್ಟೋ ಮೇಲಕ್ಕೆ ಚಿಮ್ಮುತ್ತದೆ. ಮೋಡದ ತುದಿ ಐದಾರು ಕಿಲೋಮೀಟರ್ ತನಕ ಹೋಗುವುದುಂಟು. ಕುದುರೆಮುಖ 1892 ಮೀಟರ್, ಅಂಥ ಶಿಖರಗಳನ್ನೂ ದಾಟಬೇಕು. ಆಚೆ ಬಂದ ಮೇಲೆ ತಳ್ಳುವವರಿಲ್ಲ. ಮೇಲೆ ಹೋದದ್ದು ನಿಧಾನಕ್ಕೆ ಕುಸಿಯುತ್ತದೆ. ಕುಸಿದಂತೆ ಬಿಸಿಯಾಗುತ್ತದೆ, ಮೋಡ ಆವಿಯಾಗಿ ಕಾಣೆಯಾಗುತ್ತದೆ. ಹಾಗಾಗಿ ಇಳಿಯುವುದು ನೆಲದ ಮೇಲಲ್ಲ, ಆಕಾಶದಲ್ಲಿ.

ಇನ್ನೂ ಎರಡು ಕಾರಣ ಇದೆ. ಒಂದು, ಬಯಲುಸೀಮೆಯ ಮೋಡದ ತಲೆ ಮೇಲೆ ಹಲವು ಸಲ ಒಣಗಾಳಿಯ ಪದರ ಕೂತಿರುತ್ತದೆ. ಮೋಡ ಬೆಳೆಯಲು ಹೋದರೆ ಅದು ಮುಚ್ಚಳದಂತೆ ತಡೆಯುತ್ತದೆ. ಎರಡು, ಗಾಳಿಯ ವೇಗ. ಮುಂಗಾರಿನ ಗಾಳಿ ಸೊಮಾಲಿಯಾ ಕರಾವಳಿಯಿಂದ ಅರಬ್ಬಿ ಸಮುದ್ರ ದಾಟಿ ಬರುತ್ತದೆ. ಅದರ ಜೋರು ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಜಾಸ್ತಿ. ಹಗಲಲ್ಲಿ ನೆಲ ಕಾದಾಗ ಆ ಮೇಲಿನ ಗಾಳಿ ಕೆಳಗಿನದರ ಜೊತೆ ಬೆರೆಯುತ್ತದೆ. ಶೇಂಗಾ ಹೊಲದವರ ಬಟ್ಟೆ ಹಾರಿಸುವುದು ಅದೇ. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳಿಗೆ ಈ ಮೂರು ತಿಂಗಳೇ ಸುಗ್ಗಿ. ಆದರೆ ಹಾಗೆ ಓಡುವ ಗಾಳಿಯಲ್ಲಿ ಮೋಡಕ್ಕೆ ನೆಟ್ಟಗೆ ನಿಂತು ಬೆಳೆಯಲು ಆಗುವುದಿಲ್ಲ.

ಅಳತೆ ಟೇಪು – ಜುಲೈ 13

ಈಗ ಸಿಕ್ಕು ಬಿಟ್ಟಿತು. ಪೂರ್ವಕ್ಕೆ ಜಗಲಿ ಅನ್ನುವ ಮಾತು ಚೆನ್ನಾಗಿದೆ, ನಾನೂ ಹೇಳಿಕೊಡುತ್ತೇನೆ.

ಹಿರಿಯೂರು ಕೆರೆ ಏರಿ – ಜುಲೈ 13

ಘಟ್ಟ ಮಳೆಯನ್ನೆಲ್ಲ ಹಿಡಿದಿಟ್ಟುಕೊಂಡಿತು ಅಂತ ಬೇಜಾರು ಮಾಡಿಕೊಳ್ಳುವವರಿಗೆ ಒಂದು ಮಾತು. ನಮ್ಮ ವೇದಾವತಿ ಹುಟ್ಟುವುದು ಬಾಬಾಬುಡನ್ ಬೆಟ್ಟದಲ್ಲಿ. ಅಲ್ಲಿ ಬಿದ್ದ ಮಳೆಯೇ ಮಾರಿಕಣಿವೆಗೆ, ಅಂದರೆ ವಾಣಿ ವಿಲಾಸ ಸಾಗರಕ್ಕೆ ಬರುವುದು. ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ಅವತ್ತು ಊರಿಗೆ ಊರೇ ಹೋಗಿತ್ತು. ನಮ್ಮಜ್ಜಿಯನ್ನೂ ಕರೆದುಕೊಂಡು ಹೋಗಿದ್ದೆವು, ಏರಿ ಮೇಲೆ ಕೂತು ಕೈ ಮುಗಿದರು. ಬೆಟ್ಟದ ಮಳೆ ಮೋಡವಾಗಿ ಬರದಿದ್ದರೂ ನದಿಯಾಗಿ ಬರುತ್ತದೆ.

ಶೇಂಗಾ ಹೊಲ – ಜುಲೈ 14

ಮೇಷ್ಟ್ರೇ, ಮಗಳಿಗೆ ಎಲ್ಲ ಓದಿ ಹೇಳಿದೆ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಳು, ಆಮೇಲೆ ನಾನೇ ತುಂಬಿಸಿಕೊಟ್ಟೆ. ಪಂಪು ಬಿಸಿಯಾಗಿದ್ದು ನೋಡಿ "ಒತ್ತಿದರೆ ಬಿಸಿ, ಬಿಟ್ಟರೆ ತಣ್ಣಗೆ" ಅಂತ ಅವಳೇ ಹೇಳಿದಳು.

ಅವಳ ಇನ್ನೊಂದು ಪ್ರಶ್ನೆ: ಹಾಗಾದರೆ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲೂ ಆಲಿಕಲ್ಲು ಮಳೆ ಬರುತ್ತದಲ್ಲ, ಆಗ ಗಾಳಿಯನ್ನು ಯಾರು ಏರಿಸುತ್ತಾರೆ? ಆಗುಂಬೆಯಲ್ಲಿ ಅಷ್ಟೊಂದು ಮಳೆ ಬಂದರೂ ಜುಲೈನಲ್ಲಿ ಆಲಿಕಲ್ಲು ಯಾಕೆ ಬೀಳಲ್ಲ?

ಹೂ ಮಳೆ – ಜುಲೈ 14

ನಾನು ಮೂಡಿಗೆರೆ ಕಡೆ ಕಾಫಿ ಬೆಳೆಗಾರ. ಇದಕ್ಕೆ ನಾನು ಹೇಳುತ್ತೇನೆ, ಯಾಕೆಂದರೆ ನಮ್ಮ ಬದುಕು ನಿಂತಿರುವುದೇ ಆ ಬೇಸಿಗೆ ಮಳೆ ಮೇಲೆ.

ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ತಳಿಯ ಕಾಫಿಗೆ ಒಂದು ಇಂಚು ಮಳೆ ಬೇಕು. ಅದಕ್ಕೆ ಹೂ ಮಳೆ ಅನ್ನುತ್ತೇವೆ. ಬಿದ್ದ ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಅದಾಗಿ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬಂದರೆ ಕಾಯಿ ನಿಲ್ಲುತ್ತದೆ. ನಾವು ಇವತ್ತಿಗೂ ಮಿಲಿಮೀಟರಿನಲ್ಲಿ ಮಾತಾಡುವುದು ಕಡಿಮೆ. "ನಿಮ್ಮಲ್ಲಿ ಎಷ್ಟಾಯ್ತು?" ಅಂದರೆ "ಎಂಬತ್ತು ಸೆಂಟ್ಸ್" ಅನ್ನುತ್ತೇವೆ. ನೂರು ಸೆಂಟ್ಸಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್.

ಆ ಮಳೆಗೆ ಗಾಳಿ ಏರಿಸುವುದು ಬಿಸಿಲು. ಮಧ್ಯಾಹ್ನದ ತನಕ ನೆಲ ಕಾಯುತ್ತದೆ. ಕಾದ ಗಾಳಿ ಹಗುರವಾಗಿ ಏಳುತ್ತದೆ. ಮೇಲೆ ತಂಪಿದ್ದರೆ, ಗಾಳಿಯಲ್ಲಿ ತೇವ ಇದ್ದರೆ, ನಿಲ್ಲದೆ ಏಳುತ್ತದೆ. ಎರಡು ಗಂಟೆಗೆ ಹೂಕೋಸಿನ ಗಡ್ಡೆಯಂತೆ ಬಿಳಿ ಮೋಡ, ನಾಲ್ಕು ಗಂಟೆಗೆ ಅದೇ ಗುಡ್ಡದಷ್ಟು. ತುದಿ ಹದಿನೈದು ಕಿಲೋಮೀಟರ್ ತಲುಪಬಹುದು. ಅಲ್ಲಿ ಇನ್ನು ಮೇಲೆ ಹೋಗಲಾಗದೆ ಅಗಲಕ್ಕೆ ಹರಡುತ್ತದೆ, ಕಮ್ಮಾರನ ಅಡಿಗಲ್ಲಿನ ಹಾಗೆ. ತಲೆ ಚಪ್ಪಟೆಯಾಯಿತು ಅಂದರೆ ನಾನು ಕಣದಲ್ಲಿ ಒಣಗಿಸಿದ ಕಾಫಿಯನ್ನು ಒಳಗೆ ಎಳೆಸುತ್ತೇನೆ. ಸಿಡಿಲು ಗ್ಯಾರಂಟಿ.

ಅದರೊಳಗೆ ಮೇಲಕ್ಕೆ ನುಗ್ಗುವ ಗಾಳಿ ಎಷ್ಟು ಜೋರು ಅಂದರೆ ಹೆಪ್ಪುಗಟ್ಟಿದ ಹನಿಯನ್ನು ಬೀಳಲು ಬಿಡದೆ ಎತ್ತಿ ಹಿಡಿಯುತ್ತದೆ. ಅದರ ಮೇಲೆ ನೀರು ಮೆತ್ತಿ ಮೆತ್ತಿ ಹೆಪ್ಪುಗಟ್ಟಿ ಆಲಿಕಲ್ಲು ಆಗುತ್ತದೆ. ಒಂದು ದೊಡ್ಡ ಆಲಿಕಲ್ಲನ್ನು ಕತ್ತರಿಸಿ ನೋಡಿ, ಈರುಳ್ಳಿಯ ಹಾಗೆ ಪದರ ಕಾಣುತ್ತದೆ. ಜುಲೈನ ಘಟ್ಟದ ಮಳೆಯಲ್ಲಿ ಗಾಳಿ ನಿಧಾನಕ್ಕೆ ಏರುತ್ತದೆ. ನಮ್ಮ ಕಡೆ ಹಿಮ ಕಟ್ಟುವ ಮಟ್ಟ ಐದು ಕಿಲೋಮೀಟರಿನ ಆಸುಪಾಸಿನಲ್ಲಿರುತ್ತದೆ. ಹೆಚ್ಚಿನ ಹನಿ ಅಷ್ಟು ಮೇಲೆ ಹೋಗುವ ಮೊದಲೇ ಸುರಿದುಹೋಗುತ್ತದೆ. ಮುಂಗಾರು ಜೋರಾದ ಮೇಲೆ ಗುಡುಗು ಸಿಡಿಲು ಕಡಿಮೆಯಾಗುವುದೂ ಇದಕ್ಕೇ.

ಸಿಡಿಲಿನ ಬಗ್ಗೆ ಪುಟ್ಟಿಗೆ ಇದೊಂದು ಹೇಳಿಕೊಡಿ. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಬೇಕು. ಗುಡುಗು ಕೇಳಿಸುವ ತನಕ ಎಷ್ಟು ಸೆಕೆಂಡೋ ಅದನ್ನು ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತದೆ. ಮೂವತ್ತರೊಳಗೆ ಗುಡುಗು ಬಂದರೆ ಹೊಲದಲ್ಲಿ ನಿಲ್ಲಬಾರದು. ಮರದ ಕೆಳಗೆ ಅಂತೂ ಬೇಡವೇ ಬೇಡ. ನಮ್ಮ ತೋಟದ ಆಳೊಬ್ಬರನ್ನು ಹಾಗೆ ಕಳೆದುಕೊಂಡಿದ್ದೇವೆ. ಹತ್ತು ವರ್ಷವಾಯಿತು, ಆ ಸಿಲ್ವರ್ ಮರ ಕಂಡಾಗಲೆಲ್ಲ ಹೊಟ್ಟೆ ಕಿವುಚುತ್ತದೆ.

ಭೂಗೋಳ ಮೇಷ್ಟ್ರು – ಜುಲೈ 14

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಒಂದನ್ನು ಸೇರಿಸುತ್ತೇನೆ. ಶೇಂಗಾ ಹೊಲದವರೇ, ನಿಮ್ಮ ಊರಿನ ಮಳೆ ಬರುವುದು ಹೆಚ್ಚಾಗಿ ಬಿಸಿಲಿಗೆ ಗಾಳಿ ಏರುವ ಈ ಎರಡನೇ ಬಗೆಯಿಂದ. ಸೆಪ್ಟೆಂಬರಿಗೆ ಪಶ್ಚಿಮದ ಗಾಳಿ ಸೋಲುತ್ತದೆ. ಬಿಸಿಲು ಮತ್ತೆ ಕಾಣುತ್ತದೆ. ಬಂಗಾಳ ಕೊಲ್ಲಿಯ ಕಡೆಯಿಂದ ತೇವ ಬರುತ್ತದೆ. ಆಗ ಮಧ್ಯಾಹ್ನದ ಹೂಕೋಸು ಮೋಡ ಎದ್ದು ಸಂಜೆ ಸುರಿಯುತ್ತದೆ. ಚಿತ್ರದುರ್ಗದ ಕಡೆ ವರ್ಷದಲ್ಲಿ ಜಾಸ್ತಿ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜುಲೈಯ ಮೋಡ ನೋಡಿ ಆಸೆ ಪಡಬೇಡಿ, ಅದನ್ನು ನೋಡಿ ನಿರಾಸೆಯೂ ಬೇಡ.

ಮೆಲ್ಬೋರ್ನ್ ಕನ್ನಡತಿ – ಜುಲೈ 15

ಇಲ್ಲಿ ಈಗ ಗಡಗಡ ಚಳಿ. ಊರಿನಲ್ಲಿ ಮಳೆಗಾಲ, ಅಮೆರಿಕದಲ್ಲಿರುವ ನಮ್ಮಣ್ಣನಿಗೆ ಬೇಸಿಗೆ. ಮಗ ಶಾಲೆಯಿಂದ ಬಂದು "ಭೂಮಿ ಸೂರ್ಯನ ಹತ್ತಿರ ಬಂದಾಗ ಬೇಸಿಗೆ ತಾನೆ?" ಅಂದ. ನಾನೂ ಚಿಕ್ಕವಳಿದ್ದಾಗ ಹಾಗೇ ಅಂದುಕೊಂಡಿದ್ದೆ. ಇಲ್ಲಿಗೆ ಬಂದ ಮೇಲೆ ಅದು ತಪ್ಪು ಅಂತ ಮೈಗೇ ಗೊತ್ತಾಯಿತು. ಹತ್ತಿರ ಬಂದರೆ ಇಡೀ ಭೂಮಿಗೇ ಬೇಸಿಗೆ ಆಗಬೇಕಿತ್ತಲ್ಲ? ಮೇಷ್ಟ್ರೇ, ಮಗನಿಗೆ ಹೇಳಲು ಸುಲಭದ ಮಾತು ಕೊಡಿ.

ಭೂಗೋಳ ಮೇಷ್ಟ್ರು – ಜುಲೈ 15

ನೀವು ಹೇಳಿದ್ದೇ ಸುಲಭದ ಮಾತು ತಾಯಿ. ಅದರ ಜೊತೆಗೆ ಇದನ್ನೂ ಹೇಳಿ: ಭೂಮಿ ಸೂರ್ಯನಿಗೆ ತೀರಾ ಹತ್ತಿರ ಬರುವುದು ಜನವರಿ ಮೊದಲ ವಾರ, ಸುಮಾರು 14.7 ಕೋಟಿ ಕಿಲೋಮೀಟರ್. ತೀರಾ ದೂರ ಹೋಗುವುದು ಜುಲೈ ಮೊದಲ ವಾರ, 15.2 ಕೋಟಿ. ನಮ್ಮ ಊರಲ್ಲಿ ಚಳಿ ಇರುವಾಗಲೇ ಸೂರ್ಯ ಹತ್ತಿರ!

ಋತು ಮಾಡುವುದು ವಾಲು. ಭೂಮಿ 23.5 ಡಿಗ್ರಿ ವಾಲಿಕೊಂಡೇ ಸುತ್ತುತ್ತದೆ. ಜೂನಿನಲ್ಲಿ ಉತ್ತರದ ತಲೆ ಸೂರ್ಯನ ಕಡೆಗೆ, ಡಿಸೆಂಬರಿನಲ್ಲಿ ನಿಮ್ಮ ದಕ್ಷಿಣದ್ದು. ಟಾರ್ಚನ್ನು ಗೋಡೆಗೆ ನೇರ ಹಿಡಿದರೆ ಬೆಳಕು ಸಣ್ಣ ವೃತ್ತ, ಪ್ರಖರ. ಓರೆ ಹಿಡಿದರೆ ಅಷ್ಟೇ ಬೆಳಕು ಅಗಲಕ್ಕೆ ಹರಡಿ ಮಂಕಾಗುತ್ತದೆ. ಮಗನ ಕೈಲಿ ಮಾಡಿಸಿ.

ಕರ್ನಾಟಕದಲ್ಲಿ ಇನ್ನೊಂದು ವಿಶೇಷ. ಸೂರ್ಯ ನಮ್ಮ ನೆತ್ತಿ ಮೇಲೆ ವರ್ಷಕ್ಕೆ ಎರಡು ಸಲ ಬರುತ್ತಾನೆ. ಬೆಂಗಳೂರಿಗೆ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು. ಚಳ್ಳಕೆರೆಗೆ ಏಪ್ರಿಲ್ ಕೊನೆಗೆ. ಅವತ್ತು ಮಧ್ಯಾಹ್ನ ನೆಟ್ಟ ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ನಮಗೆ ಸೆಖೆ ಏಪ್ರಿಲ್, ಮೇನಲ್ಲಿ ಜಾಸ್ತಿಯಾಗಲು ಅದೂ ಒಂದು ಕಾರಣ. ಎರಡನೇ ಸಲ ನೆತ್ತಿಗೆ ಬರುವಾಗ ಮೋಡ ಅಡ್ಡ ಇರುತ್ತದೆ, ಹಾಗಾಗಿ ನಮಗೆ ಎರಡು ಬೇಸಿಗೆ ಅನಿಸುವುದಿಲ್ಲ.

ಬಿಳಿಜೋಳ – ಜುಲೈ 16

ವಿಜಯಪುರದಿಂದ ಶರಣು. ನಮ್ಮ ಕಡೆ ರೋಹಿಣಿ ಮಳೆಗೆ ಓಣಿ ತುಂಬಾ ಜೋಳ ಅಂತಾರೆ. ಭರಣಿ ಮಳೆ ಬಂದರೆ ಧರಣಿ ತುಂಬಾ ಬೆಳೆ, ಮಘೆ ಮಳೆ ಬಂದಷ್ಟೂ ಒಳ್ಳೇದು ಮನೆ ಮಗ ಉಂಡಷ್ಟೂ ಒಳ್ಳೇದು. ನಮ್ಮ ಹಿರಿಯರು ಇದನ್ನೇ ಹಿಡಿದು ಬಿತ್ತಿದ್ದಾರೆ. ಈಗಿನವರು ಮೂಢನಂಬಿಕೆ ಅಂತಾರೆ. ಮೇಷ್ಟ್ರು ಏನಂತೀರಿ?

ಭೂಗೋಳ ಮೇಷ್ಟ್ರು – ಜುಲೈ 16

ಮೂಢನಂಬಿಕೆ ಅಂತ ನಾನು ಖಂಡಿತ ಹೇಳುವುದಿಲ್ಲ. ಮಳೆ ನಕ್ಷತ್ರ ಅಂದರೆ ಸೂರ್ಯನ ಕ್ಯಾಲೆಂಡರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಮೇ 25ರ ಹೊತ್ತಿಗೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, ಜೂನ್ 22ಕ್ಕೆ ಆರಿದ್ರ. ಚಾಂದ್ರಮಾನದ ತಿಂಗಳು ಹಿಂದೆ ಮುಂದೆ ಆಗುತ್ತದೆ, ಅಧಿಕ ಮಾಸ ಬರುತ್ತದೆ. ರೈತನಿಗೆ ಬೇಕಾದದ್ದು ವರ್ಷವರ್ಷವೂ ಒಂದೇ ಜಾಗದಲ್ಲಿ ನಿಲ್ಲುವ ಲೆಕ್ಕ. ಓದು ಬರಹ ಇಲ್ಲದವರೂ ಗಾದೆಯಲ್ಲಿ ಅದನ್ನು ಕಟ್ಟಿಟ್ಟುಕೊಂಡರು. ಇದು ಬುದ್ಧಿವಂತಿಕೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನಕ್ಕೆ ತೊನೆಯುತ್ತದೆ. ಹಾಗಾಗಿ ನಕ್ಷತ್ರದ ಲೆಕ್ಕಕ್ಕೂ ಋತುವಿಗೂ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಸಂಕ್ರಾಂತಿಯನ್ನೇ ನೋಡಿ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ. ನಾವು ಹಬ್ಬ ಮಾಡುವುದು ಜನವರಿ 14-15ಕ್ಕೆ. ಸುಮಾರು 1700 ವರ್ಷದ ಹಿಂದೆ ಎರಡೂ ಒಂದೇ ದಿನ ಇದ್ದವು. ಇನ್ನೊಂದು, ನಕ್ಷತ್ರ ಯಾವಾಗ ಮಳೆ ಬರುವ ಕಾಲ ಅಂತ ಹೇಳುತ್ತದೆ, ಈ ವರ್ಷ ಎಷ್ಟು ಬರುತ್ತದೆ ಅಂತ ಹೇಳಲಾರದು. 2023 ನೆನಪಿದೆಯಲ್ಲ? ಪೆಸಿಫಿಕ್ ಸಾಗರದಲ್ಲಿ ಎಲ್ ನಿನೋ, ಅಂದರೆ ಅಲ್ಲಿನ ನೀರು ಮಾಮೂಲಿಗಿಂತ ಬಿಸಿಯಾಗುವ ಸ್ಥಿತಿ, ಇತ್ತು. ಆ ಆಗಸ್ಟ್ ಇಡೀ ದೇಶಕ್ಕೆ 1901ರಿಂದೀಚೆಗೆ ಅತಿ ಒಣ ಆಗಸ್ಟ್. ಪಂಚಾಂಗದಲ್ಲಿ ಆಶ್ಲೇಷ, ಮಘೆ ತಮ್ಮ ಜಾಗದಲ್ಲೇ ಇದ್ದವು.

ಬಿಳಿಜೋಳ – ಜುಲೈ 16

ಒಪ್ಪಿದೆ ಗುರುಗಳೇ. ಆ ವರ್ಷ ಹಿಂಗಾರಿ ಜೋಳ ಮೊಳಕಾಲೆತ್ತರಕ್ಕೇ ಒಣಗಿತ್ತು. ನಮ್ಮ ಎರೆ ಭೂಮಿ ಒಮ್ಮೆ ನೀರು ಕುಡಿದರೆ ಇಟ್ಟುಕೊಳ್ಳುತ್ತದೆ, ಆಮೇಲೆ ಇಬ್ಬನಿಯಲ್ಲೇ ಜೋಳ ಬರುತ್ತದೆ. ಆದರೆ ಕುಡಿಯಲು ಒಮ್ಮೆಯಾದರೂ ಬೇಕಲ್ಲ.

ಶೇಂಗಾ ಹೊಲ – ಜುಲೈ 19

ಇನ್ನೂ ಬಂದಿಲ್ಲ. ನಿನ್ನೆ ಒಂದು ಟಿವಿ ಚಾನೆಲ್ ನಮ್ಮ ಜಿಲ್ಲೆಗೆ ಮಳೆ ಅಂತ ದಿನವೆಲ್ಲ ಹೇಳಿತು. ನಂಬಿ ಗೊಬ್ಬರ ಹಾಕಿದೆ. ಹನಿಯೂ ಇಲ್ಲ. ಊರಲ್ಲಿ ಮೋಡ ಬಿತ್ತನೆ ಮಾಡಿಸಿ ಅಂತ ಅರ್ಜಿ ಬರೆಯುವ ಮಾತು ನಡೆದಿದೆ. ಅದರಿಂದ ಆಗುತ್ತದಾ?

ಹೂ ಮಳೆ – ಜುಲೈ 19

ಗೊಬ್ಬರ ಹೋದದ್ದು ಕೇಳಿ ಬೇಜಾರಾಯಿತು. ಹವಾಮಾನ ಇಲಾಖೆಯ ಮಾತಿಗೆ ಅಳತೆ ಇದೆ, ಚಾನೆಲ್ ಅದನ್ನು ಬಿಟ್ಟುಬಿಡುತ್ತದೆ. "ಒಂದೆರಡು ಕಡೆ" ಅಂದರೆ ಜಿಲ್ಲೆಯ ನಾಲ್ಕನೇ ಒಂದು ಭಾಗದ ಕೇಂದ್ರಗಳಿಗೂ ಮೀರಿ ಬರುವುದಿಲ್ಲ ಅಂತ. "ಕೆಲವು ಕಡೆ" ಅಂದರೆ ಅರ್ಧದ ತನಕ. "ಹಲವು ಕಡೆ" ಅಂದರೆ ಮುಕ್ಕಾಲರ ತನಕ. ಮೊದಲ ಮಾತು ಇದ್ದರೆ ನಾನು ಗೊಬ್ಬರದ ಚೀಲ ಬಿಚ್ಚುವುದಿಲ್ಲ. ಪಂಚಾಯಿತಿ ಮಟ್ಟದ ಮಳೆ ಲೆಕ್ಕ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಸಿಗುತ್ತದೆ, ಅದನ್ನು ನೋಡಿಕೊಳ್ಳಿ.

ಭೂಗೋಳ ಮೇಷ್ಟ್ರು – ಜುಲೈ 20

ಮೋಡ ಬಿತ್ತನೆ ಮೋಡವನ್ನು ಹುಟ್ಟಿಸುವುದಿಲ್ಲ. ಇರುವ ಮೋಡದಲ್ಲಿ ಉಪ್ಪಿನ ಕಣ ಅಥವಾ ಸಿಲ್ವರ್ ಅಯೋಡೈಡ್ ಹಾಕಿ ಹನಿ ದೊಡ್ಡದಾಗಲು ಸಹಾಯ ಮಾಡುತ್ತದೆ, ಅಷ್ಟೇ. ನಮ್ಮ ಸರ್ಕಾರ 2017ರಲ್ಲಿ ವಿಮಾನದಿಂದ ಮಾಡಿಸಿತ್ತು. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯವರು 2018, 2019ರಲ್ಲಿ ಸೊಲ್ಲಾಪುರದ ಸುತ್ತ ಸರಿಯಾಗಿ ಪ್ರಯೋಗ ಮಾಡಿದರು. ಅದೂ ನಿಮ್ಮ ಹಾಗೇ ಮಳೆ ನೆರಳಿನ ಊರು. ಕೆಲವು ಜಾಗಗಳಲ್ಲಿ ಸುಮಾರು 18 ಶೇಕಡಾ ಜಾಸ್ತಿ ಮಳೆ ಕಂಡಿತು. ಆದರೆ ಅವರು ಬಿತ್ತಿದ್ದು ಎದ್ದು ಬೆಳೆಯುತ್ತಿದ್ದ ಮೋಡಗಳಿಗೆ. ನಿಮ್ಮ ಈಗಿನ ತೆಳು ಮೋಡಕ್ಕೆ ಎಷ್ಟು ಹಾಕಿದರೂ ದೊಡ್ಡ ಪ್ರಯೋಜನ ಇಲ್ಲ ಅಂತ ನನ್ನ ಅನಿಸಿಕೆ. ಆ ದುಡ್ಡಿನಲ್ಲಿ ಕೃಷಿ ಹೊಂಡ ತೆಗೆಸಿದರೆ ಸೆಪ್ಟೆಂಬರಿನ ಮಳೆ ನಿಲ್ಲುತ್ತದೆ. ಅರ್ಜಿ ಅದಕ್ಕೆ ಬರೆಯಿರಿ.

ಪುಟ್ಟಿಗೆ ಒಂದು ಕೆಲಸ. ನೇರ ಗೋಡೆಯ ಡಬ್ಬಿ ತೆಗೆದುಕೊಂಡು ಬಯಲಲ್ಲಿ ಇಡಲಿ. ಹತ್ತಿರದ ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಇರಲಿ. ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಟ್ಟು ಅಳೆಯಲಿ. ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್.

ಶೇಂಗಾ ಹೊಲ – ಸೆಪ್ಟೆಂಬರ್ 19

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಆಗಸ್ಟಿನಲ್ಲಿ ಸಣ್ಣ ಎರಡು ಮಳೆ ಬಂತು, ಪೈರು ಜೀವ ಹಿಡಿದುಕೊಂಡಿತ್ತು. ಮೊನ್ನೆಯಿಂದ ಗಾಳಿ ಪೂರ್ತಿ ನಿಂತಿತ್ತು. ನಿನ್ನೆ ಮಧ್ಯಾಹ್ನ ಮೈಯೆಲ್ಲ ಬೆವರು. ಮಗಳು ಶಾಲೆಯಿಂದ ಬಂದವಳೇ "ಅಪ್ಪಾ, ಪೂರ್ವಕ್ಕೆ ನೋಡು, ಹೂಕೋಸು" ಅಂದಳು. ನಾಲ್ಕೂವರೆಗೆ ಅದರ ತಲೆ ಚಪ್ಪಟೆಯಾಯಿತು. ದನ ಒಳಗೆ ಕಟ್ಟಿದೆವು. ಮಿಂಚಿಗೆ ಅವಳು ಎಣಿಸಿದಳು. ಮೊದಲು ಇಪ್ಪತ್ನಾಲ್ಕು, ಆಮೇಲೆ ಹದಿನೈದು, ಆಮೇಲೆ ಎಣಿಸಲು ಸಮಯವೇ ಸಿಗಲಿಲ್ಲ.

ಒಂದು ಗಂಟೆ ಹೊಡೆಯಿತು. ಇವತ್ತು ಬೆಳಿಗ್ಗೆ ಎಂಟೂವರೆಗೆ ಡಬ್ಬಿಯಲ್ಲಿ 31 ಮಿಲಿಮೀಟರ್. ಎಕರೆಗೆ ಎಷ್ಟು ಲೀಟರ್ ಅಂತ ಅವಳೇ ಗುಣಿಸಿದಳು. ಒಂದು ಎಕರೆ 4047 ಚದರ ಮೀಟರ್. ಒಂದೂಕಾಲು ಲಕ್ಷ ಲೀಟರ್ ಬಂತು! ನಾಲ್ಕು ಎಕರೆಗೆ ಐದು ಲಕ್ಷ. ಇಷ್ಟು ನೀರು ಒಂದು ಸಂಜೆಯಲ್ಲಿ ನಮ್ಮ ಹೊಲಕ್ಕೆ ಬರುತ್ತದೆ ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ. ಕಾಯಿ ಬಲಿಯುವ ಹೊತ್ತು, ಸರಿಯಾದ ಸಮಯಕ್ಕೆ ಬಂತು.

ಅವಳ ಹೊಸ ಪ್ರಶ್ನೆ: ಎರಡು ಕಿಲೋಮೀಟರ್ ಆಚೆ ಅವಳ ಗೆಳತಿಯ ಊರಲ್ಲಿ ನೆಲವೇ ನೆನೆದಿಲ್ಲವಂತೆ. ಅಷ್ಟು ದೊಡ್ಡ ಮೋಡ, ಅಲ್ಲಿಗೆ ಯಾಕೆ ಹೋಗಲಿಲ್ಲ?

ಭೂಗೋಳ ಮೇಷ್ಟ್ರು – ಸೆಪ್ಟೆಂಬರ್ 19

31 ಮಿಲಿಮೀಟರ್ ಓದಿ ಕಣ್ಣು ತುಂಬಿ ಬಂತು. ಪುಟ್ಟಿಗೆ ಹೇಳಿ: ಮೋಡದ ತಲೆ ಅಗಲ, ಆದರೆ ಮಳೆ ಸುರಿಯುವ ಕಂಬ ಸಣ್ಣದು, ಕೆಲವೇ ಕಿಲೋಮೀಟರ್. ಒಂದು ಕಂಬ ಸುರಿಯುವಾಗ ತಣ್ಣನೆ ಗಾಳಿ ಕೆಳಗೆ ಬಂದು ನೆಲದ ಮೇಲೆ ಹರಡುತ್ತದೆ. ಅದು ಸುತ್ತಲಿನ ಬೆಚ್ಚಗಿನ ಗಾಳಿಯ ಕೆಳಗೆ ನುಗ್ಗಿ ಅದನ್ನು ಎತ್ತುತ್ತದೆ, ಅಲ್ಲಿ ಹೊಸ ಮೋಡ ಏಳುತ್ತದೆ. ಮಳೆಗೆ ಮೊದಲು ತಂಪು ಗಾಳಿ, ಮಣ್ಣಿನ ವಾಸನೆ ಬಂತಲ್ಲ, ಅದೇ ಅದು. ನಿನ್ನೆ ಅದು ಗೆಳತಿಯ ಊರಿನ ಕಡೆ ಎದ್ದಿಲ್ಲ. ಆ ಹುಡುಗಿಗೂ ಒಂದು ಡಬ್ಬಿ ಕೊಡಿ. ಇಬ್ಬರೂ ಬರೆದಿಟ್ಟು ವರ್ಷದ ಕೊನೆಗೆ ಪಕ್ಕಪಕ್ಕ ಇಟ್ಟು ನೋಡಲಿ.

ಶೇಂಗಾ ಹೊಲ – ಸೆಪ್ಟೆಂಬರ್ 20

ಕೊಟ್ಟಾಯಿತು ಮೇಷ್ಟ್ರೇ. ನಿನ್ನೆ ಸಂಜೆ ಅಲ್ಲಿ 12, ಇಲ್ಲಿ ಏನೂ ಇಲ್ಲ.